ಅಂಡಮಾನಿನ ಹಕ್ಕಿಗಳಿಗೆ ಆರು ದಿನ, ಒಂದೇ ದ್ವೀಪ

2016ರಲ್ಲಿ ಮೊದಲ ಸಲ ಅಂಡಮಾನಿಗೆ ಹೋದಾಗ ನಾನು ಐದು ರಾತ್ರಿಗಳಲ್ಲಿ ಮೂರು ದ್ವೀಪ ನೋಡಿದೆ, ನಾಲ್ಕು ಸಲ ಹಡಗು ಹತ್ತಿಳಿದೆ. ಅಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿಗಳು ಇಪ್ಪತ್ತರ ಆಸುಪಾಸು ಇವೆ. ಅವುಗಳಲ್ಲಿ ಆ ಸಲ ನನಗೆ ಸಿಕ್ಕಿದ್ದು ಎರಡೇ, ಅದೂ ವ್ಯಾನಿನ ಕಿಟಕಿಯಿಂದ. ಊರಿಗೆ ಬಂದ ಮೇಲೆ ಬಹಳ ದಿನ ಆ ಸಂಕಟ ಹೋಗಲಿಲ್ಲ. ಶಿರಸಿಯ ಸುತ್ತಿನ ಕಾಡಿನಲ್ಲಿ ಮೂವತ್ತು ವರ್ಷ ಹಕ್ಕಿ ನೋಡಿದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು ನಾನು. ಅಷ್ಟು ದೂರ ಹೋಗಿ ಹಡಗಿನ ಟಿಕೇಟು ಕಾಯುವುದರಲ್ಲೇ ಬೆಳಗುಗಳನ್ನು ಕಳೆದುಬಂದಿದ್ದೆ.

2023ರ ಫೆಬ್ರವರಿಯಲ್ಲಿ ತಂಗಿಯ ಮಗನನ್ನು ಕರೆದುಕೊಂಡು ಮತ್ತೆ ಹೋದೆ. ಈ ಸಲ ದಕ್ಷಿಣ ಅಂಡಮಾನ್ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಆರು ದಿನಗಳಲ್ಲಿ ನೋಡಿದ್ದು ನಾಲ್ಕೇ ಜಾಗ, ಅದರಲ್ಲಿ ಎರಡಕ್ಕೆ ಮತ್ತೆ ಮತ್ತೆ ಹೋದೆವು. ಹಕ್ಕಿಗಾಗಿ ಹೋಗುವವರಿಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ: ಹ್ಯಾವ್‌ಲಾಕ್, ನೀಲ್ ದ್ವೀಪಗಳು ಇನ್ನೊಂದು ಪ್ರವಾಸಕ್ಕಿರಲಿ. ಅಂಡಮಾನಿಗೇ ಸೀಮಿತವಾದ ಹಕ್ಕಿಗಳಲ್ಲಿ ಬಹುಪಾಲು ಪೋರ್ಟ್ ಬ್ಲೇರಿನಿಂದ ಒಂದು ಗಂಟೆಯ ದಾರಿಯೊಳಗೇ ಇವೆ. ಈ ಊರಿನ ಹೆಸರು 2024ರಿಂದ ಶ್ರೀ ವಿಜಯಪುರಂ. ಟಿಕೇಟು ಹುಡುಕುವಾಗ ಎರಡೂ ಹೆಸರು ಗೊತ್ತಿರಲಿ.

ಯಾವಾಗ ಹೋಗಬೇಕು

ಜನವರಿಯಿಂದ ಮಾರ್ಚ್. ಅಲ್ಲಿ ನಮ್ಮ ಹಾಗೆ ಒಂದು ಮಳೆಗಾಲ ಮುಗಿದರೆ ಮುಗಿಯಲಿಲ್ಲ. ಮೇ ತಿಂಗಳಿಂದ ನೈರುತ್ಯದ ಮಳೆ, ಅದು ಹಿಮ್ಮೆಟ್ಟುತ್ತಿದ್ದಂತೆ ಈಶಾನ್ಯದ ಮಳೆ, ಎಲ್ಲ ಮುಗಿಯುವಾಗ ಡಿಸೆಂಬರ್ ಬಂದಿರುತ್ತದೆ. ಫೆಬ್ರವರಿ ನನಗೆ ಒಗ್ಗಿತು. ವಲಸೆ ಹಕ್ಕಿಗಳು ಇನ್ನೂ ಹೊರಟಿರುವುದಿಲ್ಲ, ಊರಿನ ಹಕ್ಕಿಗಳು ಕೂಗಲು ತೊಡಗಿರುತ್ತವೆ.

ಬೆಂಗಳೂರಿನಿಂದ ನೇರ ವಿಮಾನ, ಸುಮಾರು ಎರಡೂವರೆ ಗಂಟೆ. ಅಲ್ಲಿ ಇಳಿದ ಮೇಲೆ ನಿಮ್ಮ ಗಡಿಯಾರ ಸರಿಯಾಗಿದ್ದರೂ ಸೂರ್ಯ ಬೇರೆ ಗಡಿಯಾರದಲ್ಲಿರುತ್ತಾನೆ. ದ್ವೀಪ ಇರುವುದು ಬರ್ಮಾದ ಪಕ್ಕ, ಗಡಿಯಾರ ಮಾತ್ರ ಭಾರತದ್ದು. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಫೆಬ್ರವರಿಯಲ್ಲಿ ಐದೂವರೆಯ ಆಸುಪಾಸು. ಹಕ್ಕಿ ನೋಡುವವರ ದಿನ ಪೂರಾ ಇದರ ಮೇಲೆ ನಿಂತಿದೆ. ನಾವು ನಾಲ್ಕು ಗಂಟೆಗೆ ಎದ್ದು ನಾಲ್ಕೂವರೆಗೆ ಹೊರಡುತ್ತಿದ್ದೆವು. ಒಂಬತ್ತೂವರೆಗೆ ಕಾಡು ಸುಮ್ಮನಾಗುತ್ತದೆ. ಆಗ ವಾಪಸು ಬಂದು ಊಟ, ನಿದ್ದೆ. ಮಧ್ಯಾಹ್ನ ಎರಡೂವರೆಗೆ ಮತ್ತೆ ಹೊರಟರೆ ಸಂಜೆಯ ಹಕ್ಕಿ, ಕತ್ತಲಾದ ಮೇಲೆ ಗೂಬೆ, ಎಂಟಕ್ಕೆ ಊಟ, ಒಂಬತ್ತಕ್ಕೆ ಹಾಸಿಗೆ.

ಟ್ಯಾಕ್ಸಿ ಗೊತ್ತು ಮಾಡುವಾಗಲೇ ಈ ಹೊತ್ತುಗಳನ್ನು ಹೇಳಿ ಒಪ್ಪಿಸಿಕೊಳ್ಳಿ. ಪ್ರವಾಸಿಗರನ್ನು ಎಂಟಕ್ಕೆ ಹತ್ತಿಸಿಕೊಂಡು ಅಭ್ಯಾಸವಾದ ಚಾಲಕರಿಗೆ ನಾಲ್ಕೂವರೆ ಎಂದರೆ ನಂಬಿಕೆಯೇ ಬರುವುದಿಲ್ಲ. ನಮ್ಮ ಚಾಲಕ ಮೊದಲ ದಿನ ಎರಡು ಸಲ ಫೋನು ಮಾಡಿ ಖಾತ್ರಿ ಮಾಡಿಕೊಂಡ. ಮೂರನೆಯ ದಿನದ ಹೊತ್ತಿಗೆ ತಾನೇ ಗಾಡಿ ನಿಲ್ಲಿಸಿ ತಂತಿಯ ಮೇಲಿನ ಹಕ್ಕಿ ತೋರಿಸುತ್ತಿದ್ದ. ಹೋಟೆಲಿನಲ್ಲಿ ಆ ಹೊತ್ತಿಗೆ ತಿಂಡಿ ಸಿಗುವುದಿಲ್ಲ. ನಾನು ಊರಿನಿಂದ ಒಗ್ಗರಣೆ ಹಾಕಿದ ಅವಲಕ್ಕಿ ಒಯ್ದಿದ್ದೆ. ಅದು, ಬಾಳೆಹಣ್ಣು, ಫ್ಲಾಸ್ಕಿನಲ್ಲಿ ಚಹಾ ಇದ್ದರೆ ಹತ್ತು ಗಂಟೆಯವರೆಗೆ ಯೋಚನೆಯಿಲ್ಲ.

ಹೋಗುವ ಮೊದಲು ಮನೆಯಲ್ಲೇ ಮಾಡಬೇಕಾದದ್ದು

ಹಕ್ಕಿಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ನಿಮ್ಮೂರಿನ ಹಕ್ಕಿಯ ಪಕ್ಕದಲ್ಲಿ ಅಲ್ಲಿನ ಹಕ್ಕಿಯನ್ನಿಟ್ಟು ಏನು ಬೇರೆ ಎಂದು ಬರೆದುಕೊಳ್ಳಿ. ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಕೆಲಸ.

ನಮ್ಮ ಕೆಂಬೂತಕ್ಕೆ ಕಪ್ಪು ಮೈ, ಕೆಂಪು ರೆಕ್ಕೆ. ಅಂಡಮಾನಿನ ಕೆಂಬೂತಕ್ಕೆ ರೆಕ್ಕೆ ಕೆಂಪೇ, ಆದರೆ ತಲೆ ಮತ್ತು ಮೈ ಮಾಸಲು ಕಂದು, ಕಪ್ಪು ಮೈಯೇ ಇಲ್ಲ. ಅದು ರಸ್ತೆಯಂಚಿನ ಪೊದೆಯಲ್ಲಿ ಸಿಗುತ್ತದೆ, ಮೊದಲ ದಿನವೇ ಸಿಗುತ್ತದೆ. ದಾಂಡೇಲಿಯ ಕಾಡಿನಲ್ಲಿ ಬಿಳಿ ಹೊಟ್ಟೆಯ ದೊಡ್ಡ ಕಪ್ಪು ಮರಕುಟಿಗ ನೋಡಿದವರಿಗೆ ಅಂಡಮಾನ್ ಮರಕುಟಿಗವನ್ನು ಗುರುತಿಸುವುದು ಸುಲಭ: ಅದೇ ಗಾತ್ರ, ಅದೇ ಕೆಂಪು ಜುಟ್ಟು, ಹೊಟ್ಟೆಯ ಬಿಳಿ ಮಾತ್ರ ಇಲ್ಲ. ಹಿಂದೆ ಇವೆರಡನ್ನೂ ಒಂದೇ ಜಾತಿಯೆಂದು ಎಣಿಸುತ್ತಿದ್ದರು. ಮಟಪಕ್ಷಿ ನಮ್ಮದಕ್ಕಿಂತ ಗಾತ್ರದಲ್ಲಿ ಚಿಕ್ಕದು, ಬಣ್ಣ ಗಾಢ, ಕಣ್ಣು ಎದ್ದು ಕಾಣುವ ಹಳದಿ. ಅದು ತೋಟಕ್ಕೆ ಬರುವುದಿಲ್ಲ, ಕಾಡಿನೊಳಗೇ ಇರುತ್ತದೆ.

ಹಾವು ಹದ್ದುಗಳ ವಿಷಯದಲ್ಲಿ ಎಚ್ಚರ ಬೇಕು, ಅಲ್ಲಿ ಎರಡಿವೆ. ಕಾಡಿನ ಗುಡ್ಡಗಳ ಮೇಲಿರುವ ಕಡುಕಂದು ಹದ್ದು ಅಂಡಮಾನಿನದೇ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಜೌಗಿನ ಅಂಚಿನಲ್ಲಿ ಕೂರುವ ತಿಳಿಬಣ್ಣದ್ದು ನಮ್ಮಲ್ಲೂ ಇರುವ ಜಾತಿಯದು. ಕುಳಿತ ಜಾಗ ಮತ್ತು ಎದೆಯ ಬಣ್ಣ ಎರಡನ್ನೂ ನೋಡಿದ ಮೇಲೆಯೇ ಹೆಸರು ಬರೆಯಿರಿ.

ಪಿಕಳಾರಗಳಲ್ಲೂ ಹೀಗೆಯೇ. ಪೇಟೆಯಲ್ಲಿ ಕಾಣುವ ಕೆಂಪು ಕಪೋಲದ ಪಿಕಳಾರ ನಮ್ಮದೇ. ಅಂಡಮಾನಿನ ಪಿಕಳಾರ ಹಳದಿ ಮಿಶ್ರಿತ ಹಸಿರು, ಕಾಡಿನದು. ಅಲ್ಲಿನ ಚುಕ್ಕಿ ಜಿಂಕೆಯನ್ನು ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟರು. ಹುಲಿ, ಚಿರತೆ ಯಾವುದೂ ಇಲ್ಲದ ಕಾಡಿನಲ್ಲಿ ಅದು ಬೆಳೆದು ಎಳೆ ಸಸಿಗಳನ್ನೆಲ್ಲ ಮೇಯುತ್ತಿದೆ. ನಮ್ಮ ಕಣ್ಣಿಗೆ ಪರಿಚಿತವಾದದ್ದು ಅಲ್ಲಿ ಹೊರಗಿನದಾಗಿರಬಹುದು, ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡಿ.

ಚೀಲಕ್ಕೆ ಏನು ಬೇಕೆಂಬುದು ಎಲ್ಲರಿಗೂ ಗೊತ್ತು. ನಾನು ಸೇರಿಸುವುದು ಎರಡೇ. 8x42 ದುರ್ಬೀನು ಸಾಕು, ಒತ್ತಾದ ಕಾಡಿನಲ್ಲಿ ಇದಕ್ಕಿಂತ ಭಾರದ್ದು ಕತ್ತಿಗೆ ಹೊರೆ, ಅಗಲ ನೋಟವೂ ಸಿಗುವುದಿಲ್ಲ. ಎರಡನೆಯದು, ಎ.ಸಿ. ಕೋಣೆಯಿಂದ ಬೆಳಗಿನ ಜಾವ ಹೊರಗೆ ಬಂದರೆ ಆ ಸೆಕೆಗೆ ಗಾಜುಗಳೆಲ್ಲ ಮಂಜಾಗುತ್ತವೆ, ಕಾಲು ಗಂಟೆ ಏನೂ ಕಾಣುವುದಿಲ್ಲ. ಏಳುತ್ತಲೇ ಎ.ಸಿ. ಆರಿಸಿ ಕಿಟಕಿ ತೆಗೆಯಿರಿ. ಮೊದಲ ಬೆಳಗು ನನ್ನೆದುರು ಮರಕುಟಿಗ ಕೂತಿತ್ತು, ನಾನು ಸೆರಗಿನಿಂದ ಗಾಜು ಒರೆಸುತ್ತಿದ್ದೆ.

ಚಿಡಿಯಾಟಾಪು

ಪೋರ್ಟ್ ಬ್ಲೇರಿನಿಂದ 25 ಕಿ.ಮೀ. ದಕ್ಷಿಣಕ್ಕೆ. ಪ್ರವಾಸಿಗರು ಇಲ್ಲಿಗೆ ಸೂರ್ಯಾಸ್ತ ನೋಡಲು ಬರುತ್ತಾರೆ, ಹಕ್ಕಿ ನೋಡುವವರಿಗೆ ಬೆಳಗೇ ಬೇಕು. ಆರು ದಿನಗಳಲ್ಲಿ ನಾವು ಇಲ್ಲಿಗೆ ಮೂರು ಸಲ ಬಂದೆವು. ಕಡಲಂಚಿಗೆ ಇನ್ನೂ ಎರಡು ಕಿಲೋಮೀಟರ್ ಇರುವಾಗಲೇ ಗಾಡಿಯಿಂದಿಳಿದು ನಡೆಯಿರಿ. ಒಂದು ಕಡೆ ಏರುವ ಕಾಡು, ಇನ್ನೊಂದು ಕಡೆ ಕಾಂಡ್ಲಾ, ನಡುವೆ ಟಾರು ರಸ್ತೆ. ನನ್ನಂತೆ ಮೊಣಕಾಲು ನೋವಿನವರಿಗೂ ಕಷ್ಟವಿಲ್ಲ.

ನಡೆಯುವುದೆಂದರೂ ಹೆಚ್ಚು ನಡೆಯಬಾರದು. ಅಲ್ಲಿನ ಕಾಡಿನ ಹಕ್ಕಿಗಳು ಹಿಂಡಾಗಿ ಸಾಗುತ್ತವೆ: ಕಾಜಾಣ, ಮಟಪಕ್ಷಿ, ಪಿಕಳಾರ, ಮರಕುಟಿಗ ಒಟ್ಟಿಗೆ. ಹಿಂಡು ಇಲ್ಲದ ಕಡೆ ಅರ್ಧ ಗಂಟೆ ಒಂದು ರೆಕ್ಕೆಯೂ ಅಲುಗುವುದಿಲ್ಲ. ಮೊದಲು ಅಂಡಮಾನ್ ಕಾಜಾಣವನ್ನು ಹುಡುಕಿ, ಗದ್ದಲ ಮಾಡುವ ಹಕ್ಕಿ, ಕಿವಿಗೆ ಬೀಳದೆ ಇರುವುದಿಲ್ಲ. ಅದು ಸಿಕ್ಕಿದಲ್ಲಿ ನಿಂತುಬಿಡಿ. ಮಟಪಕ್ಷಿ ಅದರ ಹಿಂದೆಯೇ ಬರುತ್ತದೆ. ಬಾಲದ ತುದಿಗೆ ಎರಡು ಗೊಂಡೆಯ ಭೀಮರಾಜನೂ ಅಲ್ಲಿದ್ದಾನೆ, ಅವನನ್ನು ಕಂಡಾಗ ಮನೆಯವರನ್ನು ಕಂಡ ಹಾಗಾಯಿತು.

ಆದರೆ ಆ ಕಾಡಿನಲ್ಲಿ ಏನೋ ಕೊರತೆ ಇದೆಯೆಂದು ನನಗೆ ಎರಡು ದಿನ ಅನ್ನಿಸುತ್ತಲೇ ಇತ್ತು. ಆಮೇಲೆ ಹೊಳೆಯಿತು, ಮುಸಿಯ ಕೂಗುತ್ತಿಲ್ಲ. ಅಂಡಮಾನಿನ ಕಾಡಿಗೆ ಮಂಗಗಳು ಬಂದೇ ಇಲ್ಲ. ನಮ್ಮಲ್ಲಿ ಮುಸಿಯನ ಕೂಗು ಕೇಳಿ ತಲೆಯೆತ್ತುವ ನಾವು ಅಲ್ಲಿ ಪೂರ್ತಿ ಹಕ್ಕಿಯ ದನಿಯನ್ನೇ ನಂಬಬೇಕು.

ಚಿಡಿಯಾಟಾಪುವಿನಲ್ಲಿ ನಾನು ಬೇಡಿಕೊಂಡು ಹೋಗಿದ್ದ ಹಕ್ಕಿ ಅಂಡಮಾನ್ ಕ್ರೇಕ್. ನಮ್ಮ ಹುಂಡುಕೋಳಿಯ ಬಳಗದ್ದು. ತಲೆಯಿಂದ ಎದೆಯವರೆಗೆ ಕಾವಿಗೆಂಪು, ಹೊಟ್ಟೆಗೆ ಕಪ್ಪು ಬಿಳುಪಿನ ಪಟ್ಟೆ, ಹಸಿರು ಕೊಕ್ಕು. ಕಾಡಿನ ನೆಲದಲ್ಲಿ ನಡೆದಾಡುತ್ತದೆ, ಹೆಜ್ಜೆ ಸಪ್ಪಳಕ್ಕೇ ಮರೆಯಾಗುತ್ತದೆ. ಹುಡುಕಿ ಹೋದರೆ ಸಿಗುವ ಹಕ್ಕಿಯಲ್ಲ. ಮೋರಿಯ ಕೆಳಗೆ ಒರತೆಯ ನೀರು ಹರಿದು ಕಾಂಡ್ಲಾಕ್ಕೆ ಸೇರುವ ಜಾಗ ಹುಡುಕಿ, ಕೆಸರಿನಲ್ಲಿ ಸಣ್ಣ ಹೆಜ್ಜೆ ಗುರುತು ಇದೆಯೇ ನೋಡಿ, ಹತ್ತು ಹನ್ನೆರಡು ಹೆಜ್ಜೆ ದೂರದಲ್ಲಿ ರಸ್ತೆಯ ಮೇಲೆಯೇ ಕೂತುಬಿಡಿ. ನಾವು ಎರಡನೆಯ ದಿನ ಬೆಳಕು ಹರಿಯುವ ಮೊದಲೇ ಕೂತೆವು. ಇಪ್ಪತ್ತು ನಿಮಿಷವಾದ ಮೇಲೆ ಹುಡುಗ ಪಿಸುಗುಟ್ಟಿದ, "ದೊಡ್ಡಮ್ಮ, ಫೋನಿನಲ್ಲಿ ಅದರ ಕೂಗು ಇದೆ, ಒಂದೇ ಒಂದು ಸಲ ಹಾಕಲಾ?" ಬೇಡ ಅಂದೆ.

ಯಾಕೆ ಬೇಡ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಫೋನಿನ ಕೂಗು ಕೇಳಿದ ಹಕ್ಕಿ ನಮ್ಮನ್ನು ನೋಡಲು ಬರುವುದಿಲ್ಲ, ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿತೆಂದು ಜಗಳಕ್ಕೆ ಬರುತ್ತದೆ. ಮೇವು ಬಿಟ್ಟು, ಗೂಡಿದ್ದರೆ ಗೂಡನ್ನೂ ಬಿಟ್ಟು ಬರುತ್ತದೆ. ಚಿಡಿಯಾಟಾಪುವಿನ ಆ ಎರಡು ಕಿಲೋಮೀಟರಿಗೆ ಪ್ರತಿ ಚಳಿಗಾಲ ಎಷ್ಟೋ ಗುಂಪುಗಳು ಬರುತ್ತವೆ, ಎಲ್ಲರೂ "ಒಂದೇ ಸಲ" ಹಾಕಿದರೆ ಆ ಹಕ್ಕಿಗೆ ದಿನವಿಡೀ ಅದೇ ಕೆಲಸ. ಸಹ್ಯಾದ್ರಿಯ ಹಕ್ಕಿಯೊಂದಕ್ಕೆ ಈ ಗುಡ್ಡದಲ್ಲಿ ನೆಮ್ಮದಿ ಕೆಟ್ಟರೆ ಆಚೆ ಗುಡ್ಡ ಇದೆ. ದ್ವೀಪದ ಹಕ್ಕಿಗೆ ಆಚೆ ಇರುವುದು ಕಡಲು. ಮಾರ್ಗದರ್ಶಿಯನ್ನು ಕರೆದುಕೊಂಡಿದ್ದರೆ ಮೊದಲ ದಿನವೇ ಈ ಮಾತು ಹೇಳಿಬಿಡಿ: "ಕೂಗು ಹಾಕಬೇಡಿ, ಹಕ್ಕಿ ಸಿಗದಿದ್ದರೂ ನಮಗೆ ಬೇಸರವಿಲ್ಲ." ಎಷ್ಟೋ ಮಾರ್ಗದರ್ಶಿಗಳು ನಮ್ಮ ಅವಸರಕ್ಕೆ ಹೆದರಿ ಕೂಗು ಹಾಕುತ್ತಾರೆ.

ಐವತ್ತು ನಿಮಿಷ ಕೂತೆವು. ಸೊಳ್ಳೆ ಕಚ್ಚಿತು, ಕಾಲು ಜೋಮು ಹಿಡಿಯಿತು. ಆಮೇಲೆ ಬೇರುಗಳ ನಡುವಿನಿಂದ ಒಂದು ಕೆಂಪು ತಲೆ ಹೊರಬಂತು, ನಿಂತಿತು, ಬಾಲ ಕುಣಿಸಿತು, ಒರತೆಯ ನೀರಿಗಿಳಿದು ಒಂದು ಎಲೆಯನ್ನು ಕೊಕ್ಕಿನಿಂದ ಮಗುಚಿ ಅಡಿಯಲ್ಲಿದ್ದದ್ದನ್ನು ತಿಂದಿತು. ಎರಡು ನಿಮಿಷವೂ ಆಗಿರಲಿಲ್ಲ. ಹುಡುಗ ಕ್ಯಾಮೆರಾ ಎತ್ತಲೇ ಇಲ್ಲ.

ಕಾಂಡ್ಲಾದ ಕೆಸರಿಗೆ ಮಾತ್ರ ಇಳಿಯಬೇಡಿ. ಉಪ್ಪುನೀರಿನ ಮೊಸಳೆ ಆ ಕೊಲ್ಲಿಗಳಲ್ಲಿದೆ, ಫಲಕ ಹಾಕಿದ ಕಡೆ ಮಾತ್ರ ಇದೆಯೆಂದು ಭಾವಿಸಬಾರದು.

ಗೂಬೆಗಳ ಸಂಜೆ

ಅಂಡಮಾನಿನ ರಾತ್ರಿ ಹಕ್ಕಿಗಳಿಗಾಗಿಯೇ ಎರಡು ಸಂಜೆ ಎತ್ತಿಡಿ. ಇದೊಂದಕ್ಕೆ ಸ್ಥಳೀಯ ಮಾರ್ಗದರ್ಶಿ ಬೇಕೇ ಬೇಕು, ಯಾವ ಮರದ ಪೊಟರೆ, ಯಾವ ತೋಟದಂಚು ಎಂಬುದು ಅವರಿಗೆ ಮಾತ್ರ ಗೊತ್ತು. ಎರಡು ಬಗೆಯ ಹಾಕ್ ಗೂಬೆಗಳಿವೆ. ಪೂರ್ತಿ ಕಡುಕಂದು ಬಣ್ಣದ್ದಕ್ಕೆ ಹ್ಯೂಮ್ ಹೆಸರಿದೆ. 1873ರಲ್ಲಿ ಈ ದ್ವೀಪಗಳಿಗೆ ಬಂದು ಹಕ್ಕಿಗಳನ್ನು ದಾಖಲಿಸಿದ ಎ.ಒ. ಹ್ಯೂಮ್ ಅವರೇ, ಮುಂದೆ ಕಾಂಗ್ರೆಸ್ ಸ್ಥಾಪನೆಯಲ್ಲಿ ಪಾಲುಗೊಂಡವರು. ಇನ್ನೊಂದು ಸ್ವಲ್ಪ ಚಿಕ್ಕದು, ಎದೆಯ ಮೇಲೆ ಕೆಂಗಂದು ಗೀರುಗಳಿರುವ ಅಂಡಮಾನ್ ಹಾಕ್ ಗೂಬೆ. ಅಂಗೈಗಾತ್ರದ ಅಂಡಮಾನ್ ಸ್ಕಾಪ್ಸ್ ಗೂಬೆ ಮನೆಗಳ ಹತ್ತಿರದ ಮರಗಳಲ್ಲೂ ಇರುತ್ತದೆ. ಇವುಗಳ ಜೊತೆ ಕಣಜ ಗೂಬೆಯ ಬಳಗದ, ದ್ವೀಪದ್ದೇ ಆದ ಇನ್ನೊಂದು.

ಟಾರ್ಚನ್ನು ಗೂಬೆಯ ಕಣ್ಣಿಗೆ ನೇರ ಹಿಡಿಯಬಾರದು. ಬೆಳಕನ್ನು ಕೊಂಬೆಯ ಪಕ್ಕಕ್ಕೆ ಬಿಟ್ಟರೆ ಅಂಚಿನ ಬೆಳಕಲ್ಲೇ ಹಕ್ಕಿ ಸಾಕಷ್ಟು ಕಾಣುತ್ತದೆ. ಅರ್ಧ ನಿಮಿಷ ನೋಡಿ, ಆರಿಸಿ, ಕತ್ತಲಲ್ಲಿ ಕೇಳುತ್ತ ನಿಂತುಕೊಳ್ಳಿ. ಹಗಲು ಗೂಬೆ ಕೂರುವ ಪೊಟರೆಯ ಜಾಗವನ್ನು ಊರಿಗೆ ಬಂದ ಮೇಲೆ ಯಾರಿಗೂ ಹೇಳಬೇಡಿ, ಫೋಟೋದ ಜೊತೆ ನಕ್ಷೆ ಹಾಕಬೇಡಿ. ಹಕ್ಕಿ ನೋಡುವವರು ದಾಖಲೆ ಹಾಕುವ ಈಬರ್ಡ್ ಜಾಲತಾಣದಲ್ಲಿ ನಮ್ಮ ಪಟ್ಟಿ ಸೇರಿಸುವಾಗಲೂ ಚಿಡಿಯಾಟಾಪು ಎಂದಷ್ಟೇ ಬರೆದೆ.

ಮೌಂಟ್ ಹ್ಯಾರಿಯೆಟ್

2021ರಿಂದ ಇದರ ಹೆಸರು ಮೌಂಟ್ ಮಣಿಪುರ. ಬ್ರಿಟಿಷರೊಡನೆ ನಡೆದ 1891ರ ಯುದ್ಧದ ನಂತರ ಮಣಿಪುರದ ಮಹಾರಾಜ ಕುಲಚಂದ್ರ ಮತ್ತು ಸಂಗಡಿಗರನ್ನು ಇಲ್ಲಿ ಸೆರೆಯಿಟ್ಟಿದ್ದರ ನೆನಪಿಗೆ. ನಮ್ಮ ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯ ಚಿತ್ರ ಈ ಬೆಟ್ಟದಿಂದ ಕಾಣುವ ನೋಟವೇ. ಹುಡುಗ ಒಂದು ನೋಟು ಕಾದಿಟ್ಟು ತಂದಿದ್ದ, ಹಿಡಿದು ಹೋಲಿಸಿ ನೋಡಿದೆವು.

ಚಾಥಮ್ ಜೆಟ್ಟಿಯಿಂದ ಬಂಬೂಫ್ಲಾಟಿಗೆ ಗಾಡಿಯನ್ನೂ ಹತ್ತಿಸಿಕೊಳ್ಳುವ ಹಡಗಿದೆ. ಮೊದಲ ಹಡಗು ಎಷ್ಟು ಹೊತ್ತಿಗೆ, ಕಾಡಿನ ಗೇಟು ಯಾವಾಗ ತೆರೆಯುತ್ತದೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಇಲ್ಲಿಗೆ ಬರುವುದು ಪಾರಿವಾಳಗಳಿಗಾಗಿ. ಅಂಡಮಾನ್ ಕಾಡು ಪಾರಿವಾಳ ಆ ದ್ವೀಪಗಳ ರಾಜ್ಯಪಕ್ಷಿ, ಬೂದುಮೈ, ತಿಳಿ ಬಣ್ಣದ ತಲೆ. ಎತ್ತರದ ಮರದ ತುದಿಯಲ್ಲಿ ಗಂಟೆಗಟ್ಟಲೆ ಅಲುಗದೆ ಕೂರುತ್ತದೆ. ಆದ್ದರಿಂದ ಹಕ್ಕಿಯನ್ನಲ್ಲ, ಹಣ್ಣು ಬಿಟ್ಟ ಮರವನ್ನು ಹುಡುಕಿ. ಒಂದು ಅತ್ತಿಯ ಜಾತಿಯ ಮರದಡಿ ಕೂತಾಗ ನಮಗೆ ಹಸಿರು ಪಾರಿವಾಳ, ಕಾಡು ಗೊರವಂಕ, ಕೊನೆಗೆ ಎರಡು ಕಾಡು ಪಾರಿವಾಳ ಸಿಕ್ಕವು. ಪಡೌಕ್ ಮರಗಳನ್ನೂ ನೋಡಿ. ನಮ್ಮ ಹೊನ್ನೆಯ ಹತ್ತಿರದ ನೆಂಟ ಅದು, ಕಾಯಿಯ ಸುತ್ತ ಅದೇ ತೆಳು ರೆಕ್ಕೆ.

ಉಂಬಳ (ಜಿಗಣೆ) ಇದೆ. ಶಿರಸಿ, ಸಾಗರದವರಿಗೆ ಹೇಳಿಕೊಡಬೇಕಾಗಿಲ್ಲ. ಉಳಿದವರು ಉದ್ದನೆಯ ಕಾಲುಚೀಲ ಹಾಕಿ, ಒಂದು ಚಿಟಿಕೆ ಉಪ್ಪು ಜೇಬಿನಲ್ಲಿಟ್ಟುಕೊಳ್ಳಿ.

ಸಿಪ್ಪಿಘಾಟ್

ನೀರಹಕ್ಕಿಗಳಿಗೆ ಸಿಪ್ಪಿಘಾಟ್, ಪೋರ್ಟ್ ಬ್ಲೇರಿನಿಂದ ಅರ್ಧ ಗಂಟೆ. ರಸ್ತೆಯ ಎರಡೂ ಬದಿಗೆ ನೀರು, ನೀರಿನ ನಡುವೆ ಒಣಗಿ ನಿಂತ ತೆಂಗಿನ ಬೊಡ್ಡೆಗಳು. ಇಳಿತದ ಹೊತ್ತಿಗೆ ಹೋಗಬೇಕು, ಕೆಸರು ತೆರೆದಾಗ ಗೊರವಗಳು ಇಳಿಯುತ್ತವೆ. ಉಬ್ಬರ ಇಳಿತದ ವೇಳಾಪಟ್ಟಿ ಫೋನಿನಲ್ಲೇ ಸಿಗುತ್ತದೆ. ನಾವು ಹುಡುಕಿದ್ದು ಅಂಡಮಾನ್ ಬಾತನ್ನು: ಕಂದು ಮೈ, ಕಣ್ಣಿನ ಸುತ್ತ ಮತ್ತು ಗಂಟಲಿಗೆ ಬಿಳಿ ಬಳಿದಂತೆ. ಹನ್ನೊಂದು ಇದ್ದವು.

ಎಣಿಸಿ ಮುಗಿಸುವ ಹೊತ್ತಿಗೆ ಸೈಕಲ್ಲಿನಲ್ಲಿ ಒಬ್ಬ ಹಿರಿಯರು ಬಂದು ಪಕ್ಕದಲ್ಲಿ ನಿಂತರು. ಏನು ನೋಡುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು. ಬಾತುಗಳನ್ನು ತೋರಿಸಿದೆ, ದುರ್ಬೀನು ಕೊಟ್ಟೆ. ನೋಡಿ, ಮರಳಿ ಕೊಟ್ಟು, ಬಾತುಗಳಿದ್ದ ಕಡೆಗೇ ಕೈ ತೋರಿಸಿ "ಅದು ನಮ್ಮ ಗದ್ದೆ" ಎಂದರು.

2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣ ಅಂಡಮಾನಿನ ನೆಲ ಸುಮಾರು ಒಂದು ಮೀಟರ್ ಕುಸಿಯಿತು. ಸುನಾಮಿಯ ಅಲೆ ಹಿಂದೆ ಸರಿದರೂ ಕಡಲಿನ ನೀರು ಪೂರ್ತಿ ಹಿಂದೆ ಹೋಗಲಿಲ್ಲ, ಕುಸಿದ ಗದ್ದೆಗಳಲ್ಲಿ ಪ್ರತಿ ಉಬ್ಬರಕ್ಕೂ ಉಪ್ಪುನೀರು ನುಗ್ಗತೊಡಗಿತು. ಭತ್ತ, ತೆಂಗು, ಅಡಿಕೆ ಹೋಯಿತು, ಹಕ್ಕಿ ಬಂತು. ಆ ಹಿರಿಯರ ಮನೆಯವರು ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಆ ಗದ್ದೆ ಮಾಡಿದವರು. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಸಿಪ್ಪಿಘಾಟಿಗೆ ಹೋಗುವವರು ಇದನ್ನು ತಿಳಿದೇ ಹೋಗಬೇಕು. ಬದುವಿನ ಮೇಲೆ ನಡೆಯುವ ಮೊದಲು ಯಾರಾದರೂ ಇದ್ದರೆ ಕೇಳಿ, ಅದು ಈಗಲೂ ಅವರ ಜಾಗ. ಹಕ್ಕಿ ಸಿಕ್ಕ ಸಂತೋಷಕ್ಕೆ ಕೂಗಾಡಬೇಡಿ.

ಹೋಗಬಾರದ ಕಡೆಗಳು

ನಾರ್ಕೊಂಡಮ್ ಮಂಗಟ್ಟೆ ಇರುವುದು ಸುಮಾರು 7 ಚದರ ಕಿ.ಮೀ. ವಿಸ್ತಾರದ ಒಂದೇ ದ್ವೀಪದಲ್ಲಿ. ವಿಶೇಷ ಅನುಮತಿಯಿಲ್ಲದೆ ಹೋಗುವಂತಿಲ್ಲ, ಪ್ರವಾಸಿಗರ ಜಾಗವಲ್ಲ. ನಿಕೋಬಾರ್ ಕೂಡ ಹಾಗೆಯೇ. ಬಾರಾಟಾಂಗ್ ದ್ವೀಪಕ್ಕೆ ಹೋಗುವ ರಸ್ತೆ ಜಾರವಾ ಆದಿವಾಸಿಗಳ ಕಾಡಿನೊಳಗೆ ಹಾಯುತ್ತದೆ. ಗಾಡಿಗಳನ್ನು ಸಾಲಾಗಿ ಬಿಡುತ್ತಾರೆ, ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವುದು ಅಪರಾಧ. "ದಾರಿಯಲ್ಲಿ ಜಾರವಾ ಕಾಣುತ್ತಾರೆ" ಎಂದು ಆಸೆ ಹುಟ್ಟಿಸುವ ಏಜೆಂಟರಿಂದ ಏನನ್ನೂ ಕೊಳ್ಳಬೇಡಿ. ಹಕ್ಕಿ ನೋಡುವ ಕಣ್ಣಿನಿಂದ ಮನುಷ್ಯರನ್ನು ನೋಡಲು ಹೋಗುವುದು ನನಗೆ ಸಹಿಸದ ಕೆಲಸ. ನಾವು ಆ ರಸ್ತೆಗೆ ಹೋಗಲಿಲ್ಲ.

ಉಳಿದ ಒಂದು ಅರ್ಧ ದಿನಕ್ಕೆ ವಂಡೂರಿನ ಕಡಲತೀರ ಸಾಕು. ಬಿಳಿ ಹೊಟ್ಟೆಯ ಕಡಲ ಹದ್ದು ಅಲ್ಲಿ ಸಿಗುತ್ತದೆ, ನಮ್ಮ ಮುರ್ಡೇಶ್ವರದಾಚೆಯ ನೇತ್ರಾಣಿಯಲ್ಲಿ ಗೂಡು ಕಟ್ಟುವುದೂ ಅದೇ. ದಡದಲ್ಲಿ ಬಿದ್ದ ಹವಳದ ಚೂರನ್ನು ಎತ್ತಿಕೊಳ್ಳಬೇಡಿ, ಅದು ಕಾನೂನಿಗೆ ವಿರುದ್ಧ, ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆಯೂ ಆಗುತ್ತದೆ.

ವಾಪಸು ಬರುವ ವಿಮಾನ ಮಧ್ಯಾಹ್ನದ್ದಾಗಿದ್ದರೆ ಆ ಬೆಳಗನ್ನು ಚೀಲ ಕಟ್ಟುವುದಕ್ಕೆ ಕಳೆಯಬೇಡಿ, ರಾತ್ರಿಯೇ ಕಟ್ಟಿಡಿ. ನಾವು ಕೊನೆಯ ಬೆಳಿಗ್ಗೆ ಮತ್ತೆ ಸಿಪ್ಪಿಘಾಟಿಗೆ ಹೋದೆವು. ಬಾತುಗಳು ಈ ಸಲ ಏಳೇ ಇದ್ದವು. ಬಿಳಿತಲೆಯ ಕಬ್ಬಕ್ಕಿಗಳ ಗುಂಪೊಂದು, ಆರು ದಿನ ಹುಡುಕಿದರೂ ಸಿಗದಿದ್ದದ್ದು, ಒಣಗಿದ ತೆಂಗಿನ ಬೊಡ್ಡೆಯ ಮೇಲೆ ಬಂದು ಕೂತಿತು. ಹಿರಿಯರು ಅದೇ ಹೊತ್ತಿಗೆ ಸೈಕಲ್ಲಿನಲ್ಲಿ ಬಂದರು. ಉಳಿದಿದ್ದ ಅವಲಕ್ಕಿಯನ್ನು ಮೂವರೂ ಹಂಚಿಕೊಂಡು ತಿಂದೆವು. ದುರ್ಬೀನನ್ನು ಅವರು ತಾವಾಗಿಯೇ ಕೇಳಿ ತೆಗೆದುಕೊಂಡರು.